ಟ್ಯಾಂಕರ್ ಕಂತಿಗೆ ಬೋರ್‌ವೆಲ್ ಅಡ ಇಡಬೇಡಿ



ನಮ್ಮ ಹೊಸಕೋಟೆ, ಮಾಲೂರು ಕಡೆ ಹುಡುಗರು ಒಂದು ಮಾತು ಆಡ್ತಾರೆ: "ಟೊಮ್ಯಾಟೊ ರೇಟು ನಂಬ್ಕೊಂಡ್ರೆ ಆಗಲ್ಲ, ಸಾಲ ಮಾಡಿ ನೀರಿನ ಟ್ಯಾಂಕರ್ ತಗೊಂಡು ನಾವೇ ಓಡಿಸೋಣ." ದುಡಿಯೋ ಆಸೆ ತಪ್ಪಲ್ಲ. ಟ್ಯಾಂಕರ್‌ನೋರನ್ನೆಲ್ಲ ಮಾಫಿಯಾ ಅನ್ನೋದೂ ಸರಿಯಲ್ಲ. ಆದ್ರೆ ಸ್ವಂತ ಬೋರ್‌ವೆಲ್ ನಂಬಿ ಸಾಲದ ಟ್ಯಾಂಕರ್ ತರೋದು ಬೇಡ ಅಂತೀನಿ ನಾನು.

ಮೊದಲು ಲೆಕ್ಕ. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಿಲ್ಲಾಡಳಿತ ದರ ನಿಗದಿ ಮಾಡ್ತು. 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ದೊಡ್ಡ ಟ್ಯಾಂಕರ್‌ಗೆ ಲೀಟರಿಗೆ 9 ಪೈಸೆಯೂ ಬೀಳಲ್ಲ. ಡೀಸೆಲ್, ಇನ್ಶೂರೆನ್ಸ್, ಎಫ್‌ಸಿ, ಕಂತು ಎಲ್ಲಾ ಅದರಲ್ಲೇ ಹೊರಡಬೇಕು. 12,000 ಲೀಟರ್ ಅಂದ್ರೆ ನೀರೇ 12 ಟನ್, ಟೈರು ಬ್ರೇಕು ಸುಮ್ನೆ ಇರುತ್ವಾ? ನಾವೇ ಓಡಿಸ್ತೀವಿ ಅಂತ ಡ್ರೈವರ್ ಸಂಬಳ ಬರ್ಕೊಳ್ಳಲ್ಲ, ಉಳಿದಿದ್ದು ಲಾಭ ಅಂತೀವಿ. ಅದು ಲಾಭ ಅಲ್ಲ, ನಮ್ಮ ಕೂಲಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಗಿರಾಕಿ ಜೋರಿರೋದು ಬೇಸಿಗೇಲಿ, ಕಂತು ಮಾತ್ರ 12 ತಿಂಗಳೂ. ಮಳೆ ಹಿಡಿದ್ರೆ ಫೋನು ನಿಲ್ಲುತ್ತೆ, ಬ್ಯಾಂಕ್‌ನೋರು ನಿಲ್ಲಲ್ಲ. ಹಾಗಾಗಿ ವರ್ಷದ ಕಂತನ್ನ ಬೇಸಿಗೇಲೇ ದುಡಿಯೋಕೆ ಹೋಗ್ತೀವಿ, ಅಂತರ್ಜಲ ಪಾತಾಳಕ್ಕೆ ಇಳಿದಿರೋ ಹೊತ್ತಲ್ಲೇ ಮೋಟರ್ ಬಿಡದೆ ಓಡಿಸ್ತೀವಿ. ಬೆಳೆಗೆ ಓಡೋ ಮೋಟರ್ ಕೊಯ್ಲಾದ ಮೇಲೆ ನಿಲ್ಲುತ್ತೆ. ಕಂತಿಗೆ ಓಡೋ ಮೋಟರ್‌ಗೆ ಕೊಯ್ಲು ಅನ್ನೋದೇ ಇಲ್ಲ. ದಿನಕ್ಕೆ 4 ಲೋಡ್ ಅಂದ್ರೆ 48,000 ಲೀಟರ್. ಒಂದು ಎಕರೆ ಪೂರ್ತಿ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ನಿಲ್ಲೋ ನೀರು ದಿನಾ ಊರು ಬಿಡುತ್ತೆ.

ಕೆ.ಸಿ. ವ್ಯಾಲಿ ನೀರು ಬರ್ತಿದೆಯಲ್ಲ ಅಂತ ಕೆಲವರು ಕೇಳ್ತಾರೆ. ಅದು ತುಂಬೋದು ಕೆಲವು ಕೆರೆಗಳನ್ನ, ಎಲ್ಲರ ಬೋರ್‌ವೆಲ್‌ನಲ್ಲ. ಇನ್ನು 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಪುಕ್ಕಟೆ ಕರೆಂಟ್ ಕೊಡೋದು ಬೇಸಾಯಕ್ಕೆ, ನೀರು ಮಾರೋಕಲ್ಲ. ಬೋರ್‌ವೆಲ್ ನಮ್ಮದಿರಬಹುದು, ಕೆಳಗಿನ ನೀರಿಗೆ ಬದು ಇಲ್ಲ. ನಮ್ಮದು ಬತ್ತೋ ಹೊತ್ತಿಗೆ ಪಕ್ಕದ ತೋಟದ್ದೂ ಬತ್ತಿರುತ್ತೆ. ಆಮೇಲೆ ಹೊಸ ಬೋರ್ ಕೊರೆಸೋಕೆ ಇನ್ನೊಂದು ಸಾಲ!

ಟ್ಯಾಂಕರ್ ತರಲೇಬೇಕು ಅಂದ್ರೆ ಅಡ್ವಾನ್ಸ್ ಕೊಡೋಕೆ ಮುಂಚೆ ಮೂರು ನೋಡ್ಕೊಳ್ಳಿ. ವರ್ಷಪೂರ್ತಿ ಲೋಡ್ ಕೊಡ್ತೀವಿ ಅಂತ ಬರೆದುಕೊಡೋ ಗಿರಾಕಿ ಇದಾರಾ? ಪರವಾನಗಿ ಇರೋ ಕಡೆಯಿಂದ ನೀರು ಸಿಗುತ್ತಾ? ನಿಮ್ಮ ಕೂಲಿ ಕಳೆದ ಮೇಲೂ ಏನಾದ್ರೂ ಮಿಗುತ್ತಾ? ಮೂರಕ್ಕೂ ಹೌದು ಅನ್ನಿಸಿದ್ರೆ ಧೈರ್ಯವಾಗಿ ತಗೊಳ್ಳಿ. ಒಂದಕ್ಕೆ ಇಲ್ಲ ಅನ್ನಿಸಿದ್ರೂ ಆ ದುಡ್ಡಲ್ಲಿ ಕೃಷಿಹೊಂಡ ಮಾಡಿಸಿ.