ಕರೆಯೋಲೆಯ ಪಂದ್ಯವೂ ನಮ್ಮ ಹೆಣ್ಣುಮಕ್ಕಳೂ

ಗುರುಗ್ರಾಮದಲ್ಲಿ 2025ರ ಅಕ್ಟೋಬರ್ ತಿಂಗಳಲ್ಲಿ ಜರುಗಿದ ಮಹಿಳೆಯರ ಇಂಡಿಯನ್ ಓಪನ್ ಗಾಲ್ಫ್ ಪಂದ್ಯದಲ್ಲಿ ಸಿಂಗಾಪುರದ ತರುಣಿ ಶ್ಯಾನನ್ ಟಾನ್ ವಿಜಯ ಗಳಿಸಿದರು. 2007ರಲ್ಲಿ ಮೊದಲಾದ ಈ ಪಂದ್ಯವು, ಮಹಾಮಾರಿಯ ಕಾರಣದಿಂದ ನಿಂತುಹೋದ 2020 ಮತ್ತು 2021ನೆಯ ವರ್ಷಗಳನ್ನು ಬಿಟ್ಟರೆ, ಪ್ರತಿವರ್ಷವೂ ನಡೆದುಬಂದಿದೆ. ಈ ಹದಿನೇಳು ಸಲಗಳಲ್ಲಿ ಪ್ರಶಸ್ತಿಯು ಭಾರತೀಯ ಮಹಿಳೆಯ ಕೈಸೇರಿದ್ದು ಒಂದೇ ಒಂದು ಸಲ. 2016ರಲ್ಲಿ ಅದನ್ನು ಗೆದ್ದವರು ನಮ್ಮ ಬೆಂಗಳೂರಿನ ಅದಿತಿ ಅಶೋಕ್. ನಮ್ಮದೇ ನೆಲದ ಪಂದ್ಯದಲ್ಲಿ ಹದಿನೇಳಕ್ಕೆ ಒಂದು ಎಂಬ ಈ ಲೆಕ್ಕವು ವಿಚಾರಕ್ಕೆ ಎಡೆಮಾಡುತ್ತದೆ.

ನಸುಕಿನಲ್ಲೆದ್ದು ಒಲೆ ಹೊತ್ತಿಸುವವರಿಗೂ ದಿನವಿಡೀ ಕಡತಗಳ ನಡುವೆ ಕೂರುವವರಿಗೂ ಶ್ರೀಮಂತರ ಈ ಚೆಂಡಾಟದಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಭಾರತದ ವೃತ್ತಿಪರ ಆಟಗಾರ್ತಿಯರ ಸರಣಿಯ ಸುತ್ತುಗಳು ನಮ್ಮ ಪುಣೆಯ ಯೆರವಡಾದಲ್ಲಿರುವ ಪೂನಾ ಕ್ಲಬ್ಬಿನ ಮೈದಾನದಲ್ಲಿಯೂ ನಡೆದಿವೆ. ಅಂಥ ಕ್ಲಬ್ಬುಗಳ ಅಡಿಗೆಮನೆಯಲ್ಲಿ, ಊಟದ ಮೇಜುಗಳ ಬಳಿ, ಲೆಕ್ಕಪತ್ರದ ಕೋಣೆಯಲ್ಲಿ ದುಡಿಯುವವರು ನಮ್ಮಂಥವರೇ. ನಾವು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಒಂದು ಕ್ಲಬ್ಬಿಗೆ ತಿಂಡಿ ಒಪ್ಪಿಸಲು ಹೋಗುವುದಿತ್ತು. ನಮಗಿದ್ದುದು ಹಿಂಬಾಗಿಲು ಮಾತ್ರ. ಆದುದರಿಂದ ಯಾರು ಯಾವ ಬಾಗಿಲಿನಿಂದ ಒಳಗೆ ಹೋಗುತ್ತಾರೆಂಬ ಪ್ರಶ್ನೆ ನಮಗೆ ಹೊಸತಲ್ಲ. ಮಹಿಳಾ ಗಾಲ್ಫಿನ ಇತಿಹಾಸವಾದರೂ ಮುಖ್ಯವಾಗಿ ಬಾಗಿಲುಗಳ ಇತಿಹಾಸವೇ ಆಗಿದೆ.

ಅಮೆರಿಕದ ಆಗಸ್ಟಾ ಪಟ್ಟಣದಲ್ಲಿ ಗಂಡಸರ ವಿಖ್ಯಾತ ಮಾಸ್ಟರ್ಸ್ ಪಂದ್ಯವು 1934ರಲ್ಲಿ ಆರಂಭವಾಯಿತು. ಅದು ಆಹ್ವಾನಿತರಿಗೆ ಮಾತ್ರ ಮೀಸಲಾದುದು. ಮೂರು ವರ್ಷಗಳ ಬಳಿಕ, 1937ರಲ್ಲಿ, ಅದೇ ಪಟ್ಟಣದ ಇನ್ನೊಂದು ಕ್ಲಬ್ಬಿನಲ್ಲಿ ಹೆಂಗಸರಿಗಾಗಿ ಟೈಟಲ್‌ಹೋಲ್ಡರ್ಸ್ ಎಂಬ ಪಂದ್ಯ ಹುಟ್ಟಿತು. ಬೇರೆಡೆ ಪ್ರಶಸ್ತಿ ಪಡೆದವರಿಗೆ ಕರೆಯೋಲೆ ಹೋಗುತ್ತಿತ್ತು. ಪ್ಯಾಟಿ ಬರ್ಗ್ ಎಂಬವರು ಅದನ್ನು ಏಳು ಸಲ ಗೆದ್ದರು. 1950ರಲ್ಲಿ ಹದಿಮೂರು ಮಂದಿ ಆಟಗಾರ್ತಿಯರು ಕೂಡಿ ತಮ್ಮದೇ ವೃತ್ತಿಸಂಘವನ್ನು ಕಟ್ಟಿಕೊಂಡರು. ಆದರೆ 1966ರ ನಂತರ ಟೈಟಲ್‌ಹೋಲ್ಡರ್ಸ್ ಪಂದ್ಯ ನಿಂತಿತು. 1972ರಲ್ಲಿ ಒಂದು ಸಲ ಮತ್ತೆ ನಡೆದು ಅಲ್ಲಿಗೇ ಮುಗಿಯಿತು.

ಅದೇ 1972ರಲ್ಲಿ, ನಾವು ನೀವು ಹಲ್ಲುಜ್ಜುವ ಕೋಲ್ಗೇಟ್ ಕಂಪನಿಯು ಗಾಯಕಿ ಡೈನಾ ಶೋರ್ ಅವರ ಹೆಸರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಹೊಸ ಪಂದ್ಯವೊಂದನ್ನು ಹೂಡಿತು. ಬಹುಮಾನದ ಒಟ್ಟು ಮೊತ್ತ 1,10,000 ಡಾಲರು. ಹೆಂಗಸರ ಗಾಲ್ಫಿನಲ್ಲಿ ಆ ವರೆಗೆ ಕಾಣದ ಹಣವದು. ಇದೂ ಮೊದಲಿಗೆ ಗೆದ್ದವರ ಬಳಗವೆಂಬ ಹೆಸರಿನ ಆಹ್ವಾನಿತ ಪಂದ್ಯವೇ. ಕಾಲಕ್ರಮದಲ್ಲಿ ಪೇಸ್ಟಿನ ಕಂಪನಿ ಹೋಗಿ ಬಿಸ್ಕೀಟಿನದು ಬಂದಿತು, ಬಿಸ್ಕೀಟಿನದು ಹೋಗಿ ವಿಮಾನದ್ದು, ವಿಮಾನದ್ದು ಹೋಗಿ ಪೆಟ್ರೋಲಿನದು. 2023ರಿಂದ ಪಂದ್ಯವೇ ಟೆಕ್ಸಾಸಿಗೆ ಗುಳೆ ಹೋಗಿದೆ. ಪಂದ್ಯದ ಹೆಸರು, ಊರು ಎರಡೂ ಹಣ ಹಾಕಿದವನ ಕೈಯಲ್ಲಿರುತ್ತವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಮಾಸ್ಟರ್ಸ್ ನಡೆಸುವ ಆ ಆಗಸ್ಟಾ ಕ್ಲಬ್ಬಾದರೋ ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 2012ರಲ್ಲಿ. ಗಾಲ್ಫಿನ ತವರೆನಿಸಿದ ಸೇಂಟ್ ಆಂಡ್ರ್ಯೂಸಿನ ಪುರಾತನ ಕ್ಲಬ್ಬು ಒಪ್ಪಿದ್ದು 2014ರಲ್ಲಿ.

ಇನ್ನು ನಮ್ಮ ದೇಶದ ಮಾತು. ಕಲ್ಕತ್ತೆಯಲ್ಲಿ 1829ರಲ್ಲಿಯೂ ಬೆಂಗಳೂರಿನಲ್ಲಿ 1876ರಲ್ಲಿಯೂ ಗಾಲ್ಫ್ ಕ್ಲಬ್ಬುಗಳು ಸ್ಥಾಪಿತವಾದರೂ, ಹೆಂಗಸರು ಅದನ್ನೇ ವೃತ್ತಿಯಾಗಿ ಹಿಡಿಯುವ ಕಾಲ ಬರಲು ಶತಮಾನಕ್ಕೂ ಮಿಗಿಲಾದ ಅವಧಿ ಹಿಡಿಯಿತು. ಕಲ್ಕತ್ತೆಯ ಸಿಮಿ ಮೆಹ್ರಾ ಅವರು 1990ರ ದಶಕದಲ್ಲಿ ಅಮೆರಿಕದ ವೃತ್ತಿಪರ ಬಳಗವನ್ನು ಸೇರಿದರು. ಆಗ ಸ್ವದೇಶದಲ್ಲಿ ಅವರಿಗೊಂದು ದೊಡ್ಡ ಪಂದ್ಯವಿರಲಿಲ್ಲ. ಆ ಕೊರತೆಯನ್ನು ನೀಗಿದ್ದು 2007ರ ಇಂಡಿಯನ್ ಓಪನ್. 2010ರಿಂದ ಅದು ಯುರೋಪಿನ ಮಹಿಳಾ ಸರಣಿಯೊಳಗೂ ಸೇರಿತು. ವಿದೇಶಗಳ ನುರಿತ ಆಟಗಾರ್ತಿಯರು ಬರುವ ಈ ಪಂದ್ಯದಲ್ಲಿ ಭಾರತದ ಸರಣಿಯಲ್ಲಿ ಮುಂದಿರುವವರಿಗೂ, ಆಹ್ವಾನ ಪಡೆದ ಎಳೆಯರಿಗೂ ಸ್ಥಾನ ದೊರೆಯುತ್ತದೆ. ವಿಮಾನದ ಖರ್ಚಿಗೆ ಸಾಲ ಮಾಡದೆ ಲೋಕದ ಘಟಾನುಘಟಿಗಳ ಜೊತೆಗೆ ಆಡಿ ನೋಡುವ ಅವಕಾಶವಿದು. ಪ್ರಶಸ್ತಿ ಬಾರದಿದ್ದರೂ ಪಂದ್ಯದ ಪ್ರಯೋಜನ ಇಲ್ಲಿದೆ.

ಅದಿತಿ ಅಶೋಕ್ ಅವರ ವೃತ್ತಾಂತವು ಆರಂಭವಾಗುವುದು ಒಂದು ಉಪಾಹಾರದ ಮೇಜಿನಿಂದ ಎಂಬುದನ್ನು ಕೇಳಿ ಹೋಟೆಲಿನ ಬಾಂಧವರು ಸಂತೋಷಪಟ್ಟಾರು. ಅವರ ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಭ್ಯಾಸದ ಬಯಲು ಕಾಣಿಸುವಂಥ ಹೋಟೆಲಿನಲ್ಲಿ ತಂದೆತಾಯಿಗಳೊಡನೆ ತಿಂಡಿಗೆ ಕುಳಿತಿದ್ದ ಐದು ವರ್ಷದ ಮಗುವು, ತಾನೂ ಆ ಚೆಂಡನ್ನು ಹೊಡೆಯಬೇಕೆಂದು ಆಸೆಪಟ್ಟಿತಂತೆ. ತಂದೆತಾಯಿಗಳು ಗದರಲಿಲ್ಲ, ಕರೆದೊಯ್ದರು. 2015ರ ಕೊನೆಯಲ್ಲಿ ಆಕೆ ಯುರೋಪಿನ ಸರಣಿಗೆ ಸೇರಿದ್ದು ಯಾರ ಕರೆಯೋಲೆಯಿಂದಲೂ ಅಲ್ಲ, ಮೊರೊಕ್ಕೋದಲ್ಲಿ ನಡೆದ ಅರ್ಹತಾ ಪರೀಕ್ಷೆಯಲ್ಲಿ ಮೊದಲಿಗರಾಗಿ. ಮರುವರ್ಷ ನವೆಂಬರಿನಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಗುರುಗ್ರಾಮದಲ್ಲಿ ಗೆದ್ದರು. ಅಂದು ಒಂದೇ ಹೊಡೆತದ ಅಂತರದಿಂದ ಹಿಂದುಳಿದವರಲ್ಲಿ ಅಮೆರಿಕದ ಬ್ರಿಟನಿ ಲಿನ್ಸಿಕೋಮ್ ಒಬ್ಬರು. ಮೇಲೆ ಹೇಳಿದ ಡೈನಾ ಶೋರ್ ಪಂದ್ಯವನ್ನು 2009 ಮತ್ತು 2015ರಲ್ಲಿ ಗೆದ್ದಿದ್ದಾಕೆ ಅವರು!

2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಅದಿತಿಯವರು ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಅಂದು ಕೋಲುಗಳ ಚೀಲವನ್ನು ಹೊತ್ತು ನಡೆದವರು ತಾಯಿ ಮಹೇಶ್ವರಿಯವರು. 2023ರ ಹಾಂಗ್ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮಹಿಳಾ ತಂಡದ ಮೂವರೂ, ಅಂದರೆ ಅದಿತಿ, ಮೈಸೂರಿನ ಪ್ರಣವಿ ಅರಸು, ಬೆಂಗಳೂರಿನ ಅವನಿ ಪ್ರಶಾಂತ್, ಕರ್ನಾಟಕದವರೇ. ಅದಿತಿಯವರು ಕೊನೆಯ ದಿನ ಏಳು ಹೊಡೆತಗಳ ಮುನ್ನಡೆಯನ್ನು ಕಳೆದುಕೊಂಡರೂ ಬೆಳ್ಳಿ ತಂದರು. ಇದು ನಮಗೆ ಹೆಮ್ಮೆಯ ವಿಷಯ.

ಹೆಮ್ಮೆಯ ಜೊತೆಗೆ ಒಂದು ಕಹಿ ಮಾತನ್ನೂ ಹೇಳಬೇಕು. 2009ರಲ್ಲಿ ಗಂಡಸರ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಅವರು, ಮೊದಲು ಸಿರಿವಂತರ ಕೋಲುಗಳ ಚೀಲ ಹೊರುತ್ತಿದ್ದ ಕ್ಯಾಡಿ. ಗಂಡುಹುಡುಗರಿಗೆ ಈ ಆಟದಲ್ಲಿ ಒಂದು ಹಿಂಬಾಗಿಲಾದರೂ ಇತ್ತು. ಚೀಲ ಹೊತ್ತು, ಚೆಂಡು ಹೆಕ್ಕಿ, ಯಜಮಾನರ ಕೈಚಳಕವನ್ನು ಕದ್ದು ನೋಡಿ, ಮುರಿದ ಕೋಲಿನಿಂದ ಕಲಿಯುವ ದಾರಿ ಅದು. ಆ ದಾರಿಯೂ ಹೆಣ್ಣುಮಕ್ಕಳಿಗೆ ಇರಲಿಲ್ಲ. ಚೀಲ ಹೊರಲು ಹೆಣ್ಣುಮಗುವನ್ನು ಯಾವ ಬಡ ತಂದೆ ಕಳುಹಿಸಿಯಾನು? ಆದುದರಿಂದ ಈ ಆಟದಲ್ಲಿ ಮುಂದೆ ಬಂದ ನಮ್ಮ ಹೆಣ್ಣುಮಕ್ಕಳು ಬಹುಮಟ್ಟಿಗೆ ಮುಂಬಾಗಿಲಿನ ಕರೆ ತಲಪಬಲ್ಲ ಮನೆಗಳವರೇ. ಹದಿನೇಳಕ್ಕೆ ಒಂದು ಎಂಬ ಲೆಕ್ಕದ ಗುಟ್ಟಿನಲ್ಲಿ ಒಂದು ಪಾಲು ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಕಲಿಯುವವರ ಸಂಖ್ಯೆಯೇ ಕಿರಿದಾದಲ್ಲಿ ಗೆಲ್ಲುವವರ ಸಂಖ್ಯೆ ಹಿರಿದಾಗುವುದೆಂತು?

ಆಹ್ವಾನವು ಒಳ್ಳೆಯದು, ಆದರೆ ಅದು ಆತಿಥೇಯನ ಉಪಕಾರ. ಅವನ ಗಂಟು ಕರಗಿದ ದಿನ ಎಲೆ ಹಾಸುವವರಿಲ್ಲ. ಹಕ್ಕಿನಿಂದ ಒಳಹೋಗುವ ದಾರಿಯೇ ಶಾಶ್ವತವಾದುದು. ದೇಶದ ಹಲವು ಗಾಲ್ಫ್ ಮೈದಾನಗಳು ಸರಕಾರದಿಂದ ಗುತ್ತಿಗೆಗೆ ಪಡೆದ ನೆಲದ ಮೇಲಿವೆ. ಸಾರ್ವಜನಿಕರ ನೆಲವನ್ನು ಅನುಭವಿಸುವ ಕ್ಲಬ್ಬುಗಳು ವಾರಕ್ಕೊಂದು ಬೆಳಗು ಅಭ್ಯಾಸದ ಬಯಲನ್ನು ಮಾಲಿಯ, ಅಡಿಗೆಯವನ, ಗುಮಾಸ್ತನ ಹೆಣ್ಣುಮಕ್ಕಳಿಗೆ ಬಿಟ್ಟುಕೊಡಲಿ ಎಂದು ಕೇಳುವುದರಲ್ಲಿ ಅನ್ಯಾಯವೇನೂ ಇಲ್ಲ. ಪಂದ್ಯಗಳಿಗೆ ಲಕ್ಷಗಟ್ಟಲೆ ಡಾಲರು ಸುರಿಯುವ ಕಂಪನಿಗಳು ಅದರಲ್ಲಿ ಒಂದಂಶವನ್ನು ಈ ಕಲಿಕೆಗೆ ತೆಗೆದಿಡಲಿ.

ನಮ್ಮ ವಾಚಕರಿಗೂ ಒಂದು ಮಾತು. ಮಗಳು ನಾಳೆ ಗಾಲ್ಫನ್ನೇ ಕೇಳಬೇಕೆಂದಿಲ್ಲ. ಕಬಡ್ಡಿಯಾಗಲಿ, ಚದುರಂಗವಾಗಲಿ, ಓಟವಾಗಲಿ, ಕೇಳಿದಾಗ ನಕ್ಕು ತಳ್ಳಿಹಾಕದಿರಿ. ಬೆಂಗಳೂರಿನ ಆ ಹೋಟೆಲಿನಲ್ಲಿ ತಂದೆತಾಯಿಗಳು ಅಂದು ತಿಂಡಿ ಮುಗಿಸಿ ಮಗುವನ್ನು ಮನೆಗೆ ಎಳೆದೊಯ್ದಿದ್ದರೆ, ಗುರುಗ್ರಾಮದ ಪಟ್ಟಿಯಲ್ಲಿ ನಮ್ಮ ದೇಶದ ಹೆಸರು ಒಂದು ಸಲವೂ ಇರುತ್ತಿರಲಿಲ್ಲ.