ಗೊಬ್ಬರದ ಹಡಗಿನಿಂದ ಹುಟ್ಟಿತೇ ಇಂಗ್ಲಿಷ್ ಬೈಗುಳ? ಫಾರ್ವರ್ಡ್ ಮಾಡುವ ಮುನ್ನ ಓದಿ

ಈ ಸಂದೇಶ ನಿಮಗೂ ಬಂದಿರಬಹುದು: ಹಿಂದೆ ಒಣಗಿಸಿದ ಸಗಣಿ ಗೊಬ್ಬರವನ್ನು ಹಡಗುಗಳಲ್ಲಿ ಸಾಗಿಸುತ್ತಿದ್ದರಂತೆ. ಹಡಗಿನ ತಳದಲ್ಲಿ ನೀರು ತಾಗಿ ಅದು ಕೊಳೆತಾಗ ಮೀಥೇನ್ ಅನಿಲ ತುಂಬಿಕೊಳ್ಳುತ್ತಿತ್ತಂತೆ. ರಾತ್ರಿ ಯಾರಾದರೂ ಲಾಂದ್ರ ಹಿಡಿದು ಕೆಳಗಿಳಿದರೆ ಢಮಾರ್! ಅದಕ್ಕೇ ಮೂಟೆಗಳ ಮೇಲೆ ‘ಶಿಪ್ ಹೈ ಇನ್ ಟ್ರಾನ್ಸಿಟ್’, ಅಂದರೆ ‘ಸಾಗಿಸುವಾಗ ಎತ್ತರದಲ್ಲಿಡಿ’ ಎಂದು ಬರೆದರಂತೆ. ಆ ನಾಲ್ಕು ಪದಗಳ ಮೊದಲಕ್ಷರ ಸೇರಿ ‘ಶಿಟ್’ ಆಯಿತಂತೆ.

ಇದು ನಿಜವೇ? ಅಲ್ಲ.

ಪದ ಹಡಗಿಗಿಂತ ಹಳೆಯದು

‘ಶಿಟ್’ ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷ್‌ನಲ್ಲೇ ಇತ್ತು. ಜರ್ಮನ್‌ನ ‘ಶೈಸೆ’ ಅದರ ದಾಯಾದಿ. ಎರಡರ ಮೂಲಧಾತುವಿಗೆ ‘ಕತ್ತರಿಸು, ಬೇರ್ಪಡಿಸು’ ಎಂಬ ಅರ್ಥವಿತ್ತು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ದೇಹದಿಂದ ಬೇರ್ಪಟ್ಟದ್ದು ಎಂದರ್ಥ.

ಮೊದಲಕ್ಷರಗಳನ್ನು ಜೋಡಿಸಿ ಪದ ಕಟ್ಟುವ ರೂಢಿ ಇಂಗ್ಲಿಷ್‌ನಲ್ಲಿ ಬೆಳೆದದ್ದು ಹೆಚ್ಚಾಗಿ 20ನೇ ಶತಮಾನದಲ್ಲಿ. ರೇಡಾರ್, ಲೇಸರ್ ಹಾಗೆ ಹುಟ್ಟಿದವು. ಅದಕ್ಕೂ ಮುಂಚಿನ ಪದಕ್ಕೆ ಯಾರಾದರೂ ‘ಫುಲ್ ಫಾರ್ಮ್’ ಹೇಳಿದರೆ ಅನುಮಾನಿಸಿ.

ಆದರೂ ಜನ ಇದನ್ನು ನಂಬುವುದೇಕೆ? ಕಥೆಯೊಳಗೆ ಅರ್ಧ ಸತ್ಯವಿದೆ. ಸಗಣಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಬರುವುದು ನಿಜ. ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ಒಲೆ ಉರಿಯುವುದೇ ಅದರಿಂದ. ವಿಜ್ಞಾನ ಸರಿಯಿದೆ ಎಂದಾಕ್ಷಣ ಇತಿಹಾಸವೂ ಸರಿಯೆಂದು ನಾವು ಒಪ್ಪಿಬಿಡುತ್ತೇವೆ.

ಕ್ರಾಪರ್ ಸಾಹೇಬರ ಕಥೆ

ಇನ್ನೊಂದು ಫಾರ್ವರ್ಡ್ ಪ್ರಕಾರ, ‘ಕ್ರ್ಯಾಪ್’ ಎಂಬ ಪದ ಬಂದದ್ದು ಫ್ಲಶ್ ಟಾಯ್ಲೆಟ್ ಕಂಡುಹಿಡಿದ ಥಾಮಸ್ ಕ್ರಾಪರ್ ಹೆಸರಿನಿಂದ. ಕ್ರಾಪರ್ ಲಂಡನ್ನಿನಲ್ಲಿ ನಿಜವಾಗಿಯೂ ಇದ್ದ ಕೊಳಾಯಿ ವ್ಯಾಪಾರಿ, 1910ರಲ್ಲಿ ತೀರಿಕೊಂಡರು. ಆದರೆ ಫ್ಲಶ್ ಟಾಯ್ಲೆಟ್ ಅವರ ಶೋಧವಲ್ಲ. ಜಾನ್ ಹ್ಯಾರಿಂಗ್ಟನ್ 1596ರಲ್ಲೇ ಅಂಥದ್ದೊಂದನ್ನು ವಿವರಿಸಿದ್ದರು. ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದರು. ‘ಕ್ರ್ಯಾಪ್’ ಕೂಡ ಮಧ್ಯಯುಗದ ಪದ. ಆಗ ಅದರರ್ಥ ಹೊಟ್ಟು, ಕಸ.

ನಿಜವಾದ ಕಥೆಗಳೇ ಸೊಗಸು

‘ಡರ್ಟ್’ ಎಂದರೆ ಈಗ ಬರೀ ಕೊಳೆ, ಮಣ್ಣು. ಅದರ ಮೂಲವಾದ ಹಳೆಯ ನಾರ್ಸ್ ಭಾಷೆಯ ‘ಡ್ರಿಟ್’ ಎಂದರೆ ಮಲ. ಬೈಗುಳದಂತಿರುವ ಪದಕ್ಕಿಂತ ಸಭ್ಯ ಪದದ ಮೂಲವೇನೂ ಶುಭ್ರವಲ್ಲ! ಗೊಬ್ಬರಕ್ಕಿರುವ ‘ಮೆನ್ಯೂರ್’ ಮೂಲತಃ ‘ಕೈಯಿಂದ ದುಡಿ, ಉಳುಮೆ ಮಾಡು’ ಎಂಬ ಅರ್ಥದ್ದು. ಇಂಗ್ಲಿಷ್‌ನ ‘ಫೌಲ್’, ‘ಪಸ್’ ಮತ್ತು ಸಂಸ್ಕೃತದ ‘ಪೂತಿ’ (ದುರ್ನಾತ), ‘ಪೂಯ’ (ಕೀವು) ಒಂದೇ ಮೂಲದ ಕುಡಿಗಳು. ನಾವು ದಿನವೂ ಬಳಸುವ ‘ಗಲೀಜು’ ಅರಬ್ಬಿಯಿಂದ ಬಂದದ್ದು.

ಒಂದು ಪದ ದಾರಿ ತಪ್ಪಿಸಬಹುದು

‘ಮಲೇರಿಯಾ’ ಇಟಾಲಿಯನ್ ಪದ. ಅರ್ಥ ‘ಕೆಟ್ಟ ಗಾಳಿ’. ಜೌಗು ನೆಲದ ಕೊಳೆತ ವಾಸನೆಯೇ ಜ್ವರ ತರುತ್ತದೆಂದು ಹಿಂದೆ ನಂಬಿದ್ದರು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗಾಣುವನ್ನು ಕಂಡರು. ನಂಬಿಕೆ ಬಿದ್ದುಹೋಯಿತು, ಹೆಸರು ಉಳಿಯಿತು.

ಇಂದಿಗೂ ಚರಂಡಿ ನಾರದಿದ್ದರೆ ಭಯವಿಲ್ಲ ಎಂದುಕೊಳ್ಳುವವರಿದ್ದಾರೆ. ಆದರೆ ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಬಾವಿ, ಮುಚ್ಚಳವಿಲ್ಲದ ಓವರ್‌ಹೆಡ್ ಟ್ಯಾಂಕ್‌ಗಳ ಶುದ್ಧ ನೀರಿನಲ್ಲೇ ಮೊಟ್ಟೆ ಇಡುತ್ತದೆ. ವಾಸನೆ ಬರುತ್ತಿಲ್ಲವೆಂದು ಸುಮ್ಮನಿರಬೇಡಿ. ಟ್ಯಾಂಕ್ ಮುಚ್ಚಿದೆಯೇ ನೋಡಿ.

ಪದದ ಹುಟ್ಟಿನ ಕಥೆ ತೀರಾ ರಂಜಕವಾಗಿದ್ದರೆ, ಅದರಲ್ಲಿ ಒಬ್ಬ ನಾಯಕ, ಒಂದು ಸ್ಫೋಟ, ಒಂದು ಫುಲ್ ಫಾರ್ಮ್ ಇದ್ದರೆ, ಒಳ್ಳೆಯ ನಿಘಂಟು ತೆರೆಯಿರಿ. ಮೂಲ ಅಲ್ಲಿ ಎರಡೇ ಸಾಲಿನಲ್ಲಿ ಸಿಗುತ್ತದೆ. ಹಡಗಿನ ಸಂದೇಶ ಬಂದ ಗ್ರೂಪಿಗೇ ಇದನ್ನೂ ಕಳಿಸಿ.