ಹಳೆಯ ಕಣ್ಣು, ಹೊಸ ಮೈ

ಕನ್ನಡಿಯೊಳಗಿನ ಗಂಟು ಕೈಗೆ ಬಾರದೆಂಬುದು ಗಾದೆ. ಛಾಯಾಗ್ರಹಣದ ಪ್ರಪಂಚದಲ್ಲಿ ಒಂದು ಪುಟ್ಟ ಕನ್ನಡಿ ಸುಮಾರು ಅರ್ಧ ಶತಮಾನದ ಕಾಲ ಇಂತಹುದೇ ಆಟವನ್ನು ಆಡಿತು. ಜರ್ಮನಿಯಲ್ಲಿಯೂ ಜಪಾನಿನಲ್ಲಿಯೂ ನಿಪುಣರಾದ ಕುಶಲಕರ್ಮಿಗಳು ರೂಪಿಸಿದ ಸೊಗಸಾದ ಲೆನ್ಸುಗಳು ಕಪಾಟುಗಳಲ್ಲಿ ಕುಳಿತಿದ್ದುವು. ಆದರೆ ಪೇಟೆಯಲ್ಲಿ ಮೆರೆಯುತ್ತಿದ್ದ ಕ್ಯಾಮರಾಗಳಿಗೆ ಅವನ್ನು ತೊಡಿಸುವಂತಿರಲಿಲ್ಲ. ನಡುವೆ ಕನ್ನಡಿ ಅಡ್ಡ ನಿಂತಿದ್ದಿತು. ೨೦೦೮ರಲ್ಲಿ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮರಾ ಬಂದಿತು; ಹಳೆಯ ಲೆನ್ಸುಗಳಿಗೆ ಮತ್ತೊಮ್ಮೆ ಬಾಗಿಲು ತೆರೆಯಿತು.

ಈ ಲೆನ್ಸುಗಳ ವಂಶವೃತ್ತಾಂತವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಜರ್ಮನಿಯ ವೆಟ್ಸ್ಲಾರ್ ಪಟ್ಟಣದ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಯಂತ್ರಶಿಲ್ಪಿಯು ಚಲನಚಿತ್ರದ ಫಿಲ್ಮನ್ನು ಬಳಸುವ ಒಂದು ಪುಟ್ಟ ಕ್ಯಾಮರಾವನ್ನು ಕಲ್ಪಿಸಿದನು. ಅದೇ ೧೯೨೫ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಬೆಳಕು ಕಂಡ ಲೈಕಾ. ಮೊದಮೊದಲು ವಸ್ತುವು ಎಷ್ಟು ದೂರದಲ್ಲಿದೆಯೆಂಬುದನ್ನು ಊಹಿಸಿಯೇ ಲೆನ್ಸನ್ನು ಹೊಂದಿಸಬೇಕಾಗಿದ್ದಿತು. ೧೯೩೨ರಲ್ಲಿ ಆ ದೂರವನ್ನು ಅಳೆಯುವ ಸಾಧನವೇ ಕ್ಯಾಮರಾದ ಒಡಲನ್ನು ಸೇರಿ ಲೆನ್ಸಿನೊಡನೆ ಜೋಡಿಯಾಯಿತು. ಇದೇ ರೇಂಜ್‌ಫೈಂಡರ್.

ಇದರ ತತ್ತ್ವ ಸರಳವಾದುದು. ಮನುಷ್ಯನ ಎರಡು ಕಣ್ಣುಗಳಂತೆ ಕ್ಯಾಮರಾಕ್ಕೂ ಒಂದಕ್ಕೊಂದು ಅಂತರದಲ್ಲಿ ಎರಡು ಕಿಟಕಿಗಳು. ಅವುಗಳ ಮೂಲಕ ಒಂದೇ ವಸ್ತುವಿನ ಎರಡು ಬಿಂಬಗಳು. ಲೆನ್ಸಿನ ಉಂಗುರವನ್ನು ತಿರುಗಿಸುತ್ತ ಹೋದಂತೆ ಬಿಂಬಗಳು ಒಂದರ ಬಳಿಗೆ ಒಂದು ಸರಿಯುತ್ತವೆ. ಎರಡೂ ಕೂಡಿ ಒಂದಾದ ಕ್ಷಣದಲ್ಲಿ ಫೋಕಸ್ ಸರಿಯಾಯಿತೆಂದು ತಿಳಿಯತಕ್ಕದ್ದು. ಈ ಕ್ಯಾಮರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿಯ ತೊಡಕಿಲ್ಲ. ಆದುದರಿಂದ ಲೆನ್ಸು ಫಿಲ್ಮಿನ ಹತ್ತಿರಕ್ಕೆ ಬರಬಹುದು. ಗಾತ್ರದಲ್ಲಿ ಚಿಕ್ಕದಾಗಿಯೂ ಇರಬಹುದು.

೧೯೫೦ರಲ್ಲಿ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಜಪಾನಿನಲ್ಲಿ ನಿಕ್ಕೋರ್ ಲೆನ್ಸುಗಳನ್ನು ಕಂಡು ಮೆಚ್ಚಿ, ಅವನ್ನು ತನ್ನ ಜರ್ಮನ್ ಕ್ಯಾಮರಾಕ್ಕೆ ತೊಡಿಸಿ ಕೊರಿಯಾ ಯುದ್ಧದ ಚಿತ್ರಗಳನ್ನು ತೆಗೆದನು. ಜಪಾನಿನ ಲೆನ್ಸುಗಳಿಗೆ ಪಾಶ್ಚಾತ್ಯ ದೇಶಗಳಲ್ಲಿ ಹೆಸರು ಬಂದುದು ಬಹುಮಟ್ಟಿಗೆ ಆ ಮೂಲಕವೇ. ಒಂದು ಮನೆಯ ಲೆನ್ಸು ಇನ್ನೊಂದು ಮನೆಯ ಕ್ಯಾಮರಾವನ್ನು ಸೇರುವುದು ಇಂದಿನ ಹುಚ್ಚಲ್ಲ, ಹಳೆಯ ಸಂಪ್ರದಾಯವೇ ಎಂಬುದು ಇದರಿಂದ ತಿಳಿಯುತ್ತದೆ.

ಈ ಸಂಬಂಧ ಕಡಿದುದು ಹೇಗೆ? ೧೯೫೯ರಲ್ಲಿ ಜಪಾನಿನ ನಿಕಾನ್ ಎಫ್ ಬಂದಿತು. ಲೆನ್ಸಿನ ಮೂಲಕವೇ ದೃಶ್ಯವನ್ನು ತೋರಿಸುವ ಕ್ಯಾಮರಾ ಅದು. ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯು ಬೆಳಕನ್ನು ಮೇಲಕ್ಕೆ ತಿರುಗಿಸಿ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿಯನ್ನು ಒತ್ತಿದೊಡನೆ ಮೇಲಕ್ಕೆದ್ದು ದಾರಿ ಬಿಡುತ್ತದೆ. ಕನ್ನಡಿ ಏಳಲು ಜಾಗ ಬೇಕಲ್ಲವೆ? ಆದುದರಿಂದ ಲೆನ್ಸು ಕೂರುವ ಬಳೆಗೂ ಫಿಲ್ಮಿಗೂ ನಡುವೆ ೪೬.೫ ಮಿಲಿಮೀಟರುಗಳ ಅಂತರವನ್ನು ಇರಿಸಲಾಯಿತು. ೧೯೫೪ರ ಲೈಕಾ ಎಂ೩ರಲ್ಲಿ ಈ ಅಂತರ ೨೭.೮ ಮಿಲಿಮೀಟರು ಮಾತ್ರ. ಅಷ್ಟು ಹತ್ತಿರದಿಂದ ನೋಡಲೆಂದು ರಚಿತವಾದ ಲೆನ್ಸನ್ನು ದೂರಕ್ಕೆ ತಳ್ಳಿದರೆ ಮೂಗಿನ ಮುಂದಿನ ಹೂವನ್ನು ಅದು ಕಂಡೀತು, ಎದುರಿನ ಗುಡ್ಡವನ್ನು ಕಾಣಲಾರದು.

೨೦೦೮ರಲ್ಲಿ ಪ್ಯಾನಸಾನಿಕ್ ಸಂಸ್ಥೆಯ ಲ್ಯೂಮಿಕ್ಸ್ ಜಿ೧ ಎಂಬ ಕ್ಯಾಮರಾ ಕನ್ನಡಿಯನ್ನೇ ತೆಗೆದುಹಾಕಿತು. ಫಿಲ್ಮಿನ ಸ್ಥಾನಕ್ಕೆ ಅದಾಗಲೇ ಸೆನ್ಸರ್ ಎಂಬ ವಿದ್ಯುತ್ ಫಲಕ ಬಂದಿದ್ದಿತು. ಅದು ಕಂಡುದನ್ನು ಒಂದು ಪುಟ್ಟ ಪರದೆಯ ಮೇಲೆ ತೋರಿಸಿದರೆ ಸಾಕು, ಕನ್ನಡಿ ಏತಕ್ಕೆ? ೨೦೧೩ರಲ್ಲಿ ಸೋನಿಯ ಆಲ್ಫಾ ೭ ಬಂದಾಗ, ಹಳೆಯ ಫಿಲ್ಮಿನ ೨೪ × ೩೬ ಮಿಲಿಮೀಟರು ಚೌಕಟ್ಟಿನಷ್ಟೇ ದೊಡ್ಡದಾದ ಸೆನ್ಸರ್ ಕನ್ನಡಿಯಿಲ್ಲದ ಕ್ಯಾಮರಾದಲ್ಲಿಯೂ ದೊರೆಯಿತು. ಸೋನಿಯಲ್ಲಿ ಬಳೆಯಿಂದ ಸೆನ್ಸರಿಗೆ ೧೮ ಮಿಲಿಮೀಟರು. ೨೦೧೮ರ ನಿಕಾನ್ ಝಡ್ ಬಗೆಯಲ್ಲಿ ೧೬. ಅದೇ ವರ್ಷದ ಕ್ಯಾನನ್ ಆರ್‌ಎಫ್ ಬಗೆಯಲ್ಲಿ ೨೦.

ಇನ್ನು ಉಳಿದದ್ದು ಕೂಡಿಸಿ ಕಳೆಯುವ ಲೆಕ್ಕ. ೨೭.೮ರಲ್ಲಿ ೧೮ನ್ನು ಕಳೆದರೆ ೯.೮. ಅಷ್ಟು ದಪ್ಪದ ಒಂದು ಲೋಹದ ಬಳೆ, ಅಡಾಪ್ಟರ್, ನಡುವೆ ಕುಳಿತರೆ ಸಂಬಂಧ ಕುದುರಿತು. ಈ ಬಳೆಯಲ್ಲಿ ಗಾಜಿಲ್ಲ, ಬರಿದಾದ ಜಾಗವನ್ನು ತುಂಬುವುದಷ್ಟೇ ಇದರ ಕೆಲಸ. ಆದರೂ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗ ತಪ್ಪಿದರೂ ಲೆನ್ಸಿನ ಮೇಲೆ ಕೆತ್ತಿದ ದೂರದ ಅಂಕೆಗಳು ಸುಳ್ಳಾಗುತ್ತವೆ. ಅನೇಕ ತಯಾರಕರು ಬೇಕೆಂದೇ ಬಳೆಯನ್ನು ಕೂದಲೆಳೆಯಷ್ಟು ತೆಳುವಾಗಿಸುವುದುಂಟು; ಹಾಗಾದರೆ ದೂರದ ಬೆಟ್ಟ ಮಸುಕಾಗುವ ಭಯವಿಲ್ಲ. ಆದಕಾರಣ ಅಂಕೆಗಳನ್ನು ನಂಬದೆ ಕಣ್ಣನ್ನು ನಂಬುವುದು ಜಾಣತನ.

ಸಂಬಂಧವೇನೋ ಕುದುರಿತು, ಬೀಗರ ನಡುವೆ ಜಗಳವಿಲ್ಲವೆ? ಉಂಟು. ಫಿಲ್ಮು ಸಹನಶೀಲವಾದುದು. ಬೆಳಕು ನೇರವಾಗಿ ಬರಲಿ, ಓರೆಯಾಗಿ ಬರಲಿ, ಅದನ್ನು ಸ್ವೀಕರಿಸುತ್ತದೆ. ಸೆನ್ಸರ್ ಹಾಗಲ್ಲ. ಅದರ ಮುಂದೆ ಗಾಜಿನ ಶೋಧಕವೊಂದಿದೆ. ಆಲ್ಫಾ ೭ರಲ್ಲಿ ಅದು ಸುಮಾರು ೨ ಮಿಲಿಮೀಟರು ದಪ್ಪ. ತುಂಬಿದ ಪಾತ್ರೆಯಲ್ಲಿ ಅದ್ದಿದ ಸೌಟು ಮುರಿದಂತೆ ಕಾಣುವುದನ್ನು ಎಲ್ಲರೂ ಕಂಡಿದ್ದಾರೆ. ಹಾಗೆಯೇ ಓರೆಯಾದ ಕಿರಣವು ಗಾಜನ್ನು ಹಾಯುವಾಗ ದಾರಿ ತಪ್ಪುತ್ತದೆ. ವಿಶಾಲ ನೋಟದ ಲೆನ್ಸುಗಳು ಸೆನ್ಸರಿಗೆ ಬಹು ಹತ್ತಿರವಾಗಿ ಕೂರುವುದರಿಂದ ಚಿತ್ರದ ಮೂಲೆಗಳಿಗೆ ಬೆಳಕು ಬಹಳ ಓರೆಯಾಗಿಯೇ ಬರಬೇಕು. ಫಲವಾಗಿ ನಡುವೆ ನಿಂತ ಮದುಮಕ್ಕಳು ಸ್ಪಷ್ಟ, ಅಂಚಿನಲ್ಲಿ ನಿಂತ ಸೋದರತ್ತೆಯ ಮುಖ ಕಲಸಿದಂತೆ! ಕೆಲವೊಮ್ಮೆ ಅಂಚುಗಳಿಗೆ ನೇರಳೆ ಬಣ್ಣವೂ ಹತ್ತುವುದುಂಟು. ೧೯೫೮ರಲ್ಲಿ ಬಂದ ೨೧ ಮಿಲಿಮೀಟರಿನ ಸೂಪರ್ ಆಂಗ್ಯುಲಾನ್ ಫಿಲ್ಮಿನ ಮೇಲೆ ಕೀರ್ತಿ ಗಳಿಸಿದ ಲೆನ್ಸು. ಸೆನ್ಸರಿನ ಮೇಲೆ ಅದು ತಡವರಿಸುತ್ತದೆ. ಇದು ಲೆನ್ಸಿನ ದೋಷವಲ್ಲ, ಜೋಡಿಯ ದೋಷ.

ಗಾಜನ್ನು ತೆಳುವಾಗಿಸಿದರಾಯಿತಲ್ಲವೆ ಎಂದು ಯಾರಾದರೂ ಕೇಳಬಹುದು. ೨೦೦೬ರಲ್ಲಿ ಲೈಕಾ ಸಂಸ್ಥೆಯು ತನ್ನ ಎಂ೮ ಎಂಬ ಡಿಜಿಟಲ್ ರೇಂಜ್‌ಫೈಂಡರಿನಲ್ಲಿ ಹಾಗೆಯೇ ಮಾಡಿತು. ಗಾಜಿನ ದಪ್ಪವನ್ನು ಅರ್ಧ ಮಿಲಿಮೀಟರಿಗೆ ಇಳಿಸಿತು. ಆಗ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು ಒಳನುಗ್ಗಿ, ಕಪ್ಪು ಕೃತಕ ನೂಲಿನ ಬಟ್ಟೆಗಳೆಲ್ಲ ನೇರಳೆಯಾಗಿ ಮೂಡಿದುವು. ಕೊನೆಗೆ ಸಂಸ್ಥೆಯೇ ಕೊಂಡವರಿಗೆ ಲೆನ್ಸಿನ ಮುಂದೆ ಹಾಕುವ ಎರಡೆರಡು ಶೋಧಕಗಳನ್ನು ಉಚಿತವಾಗಿ ಕೊಡಬೇಕಾಯಿತು. ಗಾಜು ದಪ್ಪವಾದರೆ ಅಂಚು ಕೆಡುತ್ತದೆ, ತೆಳುವಾದರೆ ಬಣ್ಣ ಕೆಡುತ್ತದೆ. ಮುಂದಿನ ಕ್ಯಾಮರಾಗಳು ಈ ಎರಡರ ನಡುವೆ ಹದವನ್ನು ಹುಡುಕಿಕೊಂಡುವು. ಆದರೆ ಎಲ್ಲ ಕ್ಯಾಮರಾಗಳ ಗಾಜೂ ಒಂದೇ ದಪ್ಪದ್ದಲ್ಲವಾದುದರಿಂದ, ಒಂದೇ ಲೆನ್ಸು ಒಂದರಲ್ಲಿ ಚೆನ್ನಾಗಿ ನಡೆದು ಇನ್ನೊಂದರಲ್ಲಿ ಸೊರಗುವುದು ಸಹಜ.

ವ್ಯವಹಾರಕ್ಕೆ ಒಂದು ಸ್ಥೂಲವಾದ ನಿಯಮವನ್ನು ಹೇಳಬಹುದು. ೫೦ ಮಿಲಿಮೀಟರು ಹಾಗೂ ಅದಕ್ಕೆ ಮೇಲ್ಪಟ್ಟ ನಾಭಿದೂರದ ಲೆನ್ಸುಗಳು ಸಾಮಾನ್ಯವಾಗಿ ಹೊಸ ಕ್ಯಾಮರಾದೊಡನೆ ಸುಖವಾಗಿ ಬಾಳುತ್ತವೆ. ೩೫ ಮಿಲಿಮೀಟರಿನದನ್ನು ಪರೀಕ್ಷಿಸಿ ಕೊಳ್ಳಬೇಕು. ೨೮ ಹಾಗೂ ಅದಕ್ಕಿಂತ ಕಡಿಮೆಯಾದರೆ ಎಚ್ಚರಿಕೆ ಅಗತ್ಯ. ಸಣ್ಣ ಸೆನ್ಸರಿನ ಕ್ಯಾಮರಾದಲ್ಲಿ ಅಂಚುಗಳೇ ಚಿತ್ರದಿಂದ ಹೊರಗುಳಿಯುವುದರಿಂದ ತೊಂದರೆ ಕಡಿಮೆ. ಆದರೆ ನೋಟವೂ ಕಿರಿದಾಗುತ್ತದೆ. ಲ್ಯೂಮಿಕ್ಸ್ ಬಗೆಯಲ್ಲಿ ೫೦ ಮಿಲಿಮೀಟರಿನ ಲೆನ್ಸು ೧೦೦ ಮಿಲಿಮೀಟರಿನದರಂತೆ ವರ್ತಿಸುತ್ತದೆ.

ಬಳಸುವ ಕ್ರಮವೂ ಬೇರೆ. ಲೆನ್ಸಿಗೂ ಕ್ಯಾಮರಾಕ್ಕೂ ವಿದ್ಯುತ್ ಸಂಪರ್ಕವಿಲ್ಲದುದರಿಂದ, ಲೆನ್ಸೇ ಇಲ್ಲವೆಂದು ಕ್ಯಾಮರಾ ಭಾವಿಸಬಹುದು. ಲೆನ್ಸಿಲ್ಲದೆಯೂ ಚಿತ್ರ ತೆಗೆಯಲು ಅನುಮತಿ ಕೊಡುವ ಏರ್ಪಾಡನ್ನು ಮೊದಲು ಹುಡುಕಿ ಒಪ್ಪಿಗೆ ಕೊಡಬೇಕು. ಕೈನಡುಕವನ್ನು ತಡೆಯುವ ವ್ಯವಸ್ಥೆ ಕ್ಯಾಮರಾದ ಒಳಗಿದ್ದರೆ ಲೆನ್ಸಿನ ನಾಭಿದೂರವನ್ನು ಅದಕ್ಕೆ ತಿಳಿಸಬೇಕು. ಫೋಕಸ್ ಮಾಡುವಾಗ ದೃಶ್ಯದ ಒಂದು ಭಾಗವನ್ನು ಹಿಗ್ಗಿಸಿ ನೋಡಬಹುದು. ಸ್ಪಷ್ಟವಾದ ಅಂಚುಗಳಿಗೆ ಬಣ್ಣದ ಗೆರೆ ಬರೆದು ತೋರಿಸುವ ಸೌಕರ್ಯವೂ ಉಂಟು. ಜಗಲಿಯಲ್ಲಿ ಹೂ ಕಟ್ಟುತ್ತ ಕುಳಿತ ಅಜ್ಜಿಯ ಚಿತ್ರಕ್ಕೆ ಇದು ತಕ್ಕ ಉಪಾಯ. ಅಂಗಳದಲ್ಲಿ ಓಡುವ ಮೊಮ್ಮಗನಿಗಾದರೆ ಹೊಸ ಕ್ಯಾಮರಾದ ಸ್ವಂತ ಲೆನ್ಸೇ ಮೇಲು.

ಒಂದು ಮಾತನ್ನು ಮಾತ್ರ ಮರೆಯಲಾಗದು. ಹಳೆಯ ಲೆನ್ಸು ಹೊಸ ಮನೆಗೆ ಬಂದಿದೆ. ಹಳೆಯ ಕಿಟಕಿ ಬಂದಿಲ್ಲ. ರೇಂಜ್‌ಫೈಂಡರಿನ ಕಿಟಕಿಯಲ್ಲಿ ಚೌಕಟ್ಟಿನ ಹೊರಗಿನ ಲೋಕವೂ ಕಾಣುತ್ತಿದ್ದಿತು. ಯಾರು ಒಳಗೆ ಬರಲಿದ್ದಾರೆ, ಯಾರು ಹೊರಗೆ ಹೋಗಲಿದ್ದಾರೆ ಎಂಬುದನ್ನು ಮುಂದಾಗಿಯೇ ಅರಿತು ಕ್ಷಣವನ್ನು ಹಿಡಿಯುವ ಕಲೆಯನ್ನು ಆನ್ರಿ ಕಾರ್ತಿಯೆ ಬ್ರೆಸಾನ್ ಅಂತಹ ಕ್ಯಾಮರಾದಿಂದಲೇ ಸಾಧಿಸಿದನು. ೧೯೪೮ರ ಜನವರಿ ೩೦ರಂದು ಗಾಂಧೀಜಿಯವರನ್ನು ಅವರ ಹತ್ಯೆಗೆ ಸ್ವಲ್ಪ ಮುಂಚೆ ಕಂಡು ಚಿತ್ರ ತೆಗೆದವನೂ ಆತನೇ. ಕನ್ನಡಿಯಿಲ್ಲದ ಕ್ಯಾಮರಾ ತೋರಿಸುವುದು ಸಾಮಾನ್ಯವಾಗಿ ಚೌಕಟ್ಟಿನ ಒಳಗನ್ನು ಮಾತ್ರ. ಆದುದರಿಂದ ಹಳೆಯ ಲೆನ್ಸನ್ನು ಕೊಂಡವರು ಹಳೆಯ ದೃಷ್ಟಿಯನ್ನೂ ಕೊಂಡೆವೆಂದು ಭ್ರಮಿಸಬಾರದು. ಅದನ್ನು ಅಭ್ಯಾಸದಿಂದಲೇ ಸಂಪಾದಿಸಬೇಕು.

ಇಷ್ಟನ್ನು ಓದಿ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಹೊರಡುವ ವಾಚಕರಿಗೆ ಕೊನೆಯ ಕೆಲವು ಮಾತುಗಳು. ಭಾರತದಲ್ಲಿಯೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ೩ ಆಗಲಿ, ೧೯೬೬ರ ಯಾಶಿಕಾ ಎಲೆಕ್ಟ್ರೊ ೩೫ ಆಗಲಿ ಈ ಕೆಲಸಕ್ಕೆ ಬಾರವು. ಅವುಗಳ ಲೆನ್ಸು ಒಡಲಿನಿಂದ ಕಳಚಿ ಬರುವುದಿಲ್ಲ. ಕಳಚಿ ಬರುವಂತಹುದು ದೊರೆತರೆ ದ್ಯುತಿರಂಧ್ರವನ್ನು ಪೂರ್ತಿ ತೆರೆದು ದೀಪದ ಎದುರು ಹಿಡಿದು ನೋಡಬೇಕು. ಒಳಗೆ ಜೇಡರ ಬಲೆಯಂತೆ ಎಳೆಗಳು ಹಬ್ಬಿದ್ದರೆ ಅದು ಬೂಷ್ಟು. ಕರಾವಳಿ, ಮಲೆನಾಡುಗಳ ತೇವದಲ್ಲಿ ಇದರ ಕಾಟ ಹೆಚ್ಚು. ತೊಗಲಿನ ಚೀಲದೊಳಗೆ ಮುಚ್ಚಿಟ್ಟರೆ ಇನ್ನೂ ಹೆಚ್ಚು. ಒಳಕ್ಕೆ ಮಡಚುವ ಬಗೆಯ ಲೆನ್ಸಾದರೆ ಹೊಸ ಕ್ಯಾಮರಾದ ಮೇಲೆ ಅದನ್ನು ಮಡಚದಿರುವುದು ಕ್ಷೇಮ. ಹಿಂತುದಿಯು ಒಳಗಿನ ಭಾಗಗಳಿಗೆ ತಗಲೀತು. ‘ಲೈಕಾ’ ಎಂದು ಕೆತ್ತಿದ್ದೆಲ್ಲ ಲೈಕಾ ಅಲ್ಲವೆಂಬುದೂ ನೆನಪಿರಲಿ. ಸೋವಿಯತ್ ಕ್ಯಾಮರಾಗಳಿಗೆ ಆ ಹೆಸರನ್ನು ಕೆತ್ತಿ ಮಾರುವ ವ್ಯಾಪಾರ ಬಹಳ ಹಿಂದಿನಿಂದಲೂ ನಡೆದಿದೆ.

ಗುಜರಿಯವನ ತಕ್ಕಡಿಗೆ ಹಾಕುವ ಮುನ್ನ ಇಷ್ಟು ಪರೀಕ್ಷೆ ನಡೆದರೆ ಸಾಕು. ಇಂದಿನ ಡಿಜಿಟಲ್ ಕ್ಯಾಮರಾ ಹತ್ತು ವರ್ಷಗಳಲ್ಲಿ ಹಳತಾಗುತ್ತದೆ. ಎಪ್ಪತ್ತು ವರ್ಷ ಕಂಡ ಲೆನ್ಸು ಶುಚಿಯಾಗಿದ್ದರೆ, ಆ ಬಳಿಕ ಬರುವ ಕ್ಯಾಮರಾಕ್ಕೂ ಅದು ಕಣ್ಣಾಗಬಲ್ಲುದು. ಅಳತೆ ಸರಿಯಾದ ಒಂದು ಬಳೆ ಸಿಕ್ಕಬೇಕು, ಅಷ್ಟೆ.